ಶೈಲಾ ಮೇಡಂ ಮುಟ್ಟದ ಕೆರೆ

ನಿವೃತ್ತಿಗೆ ಮೂರು ವರ್ಷ ಬಾಕಿ ಇದ್ದಾಗ ನನ್ನನ್ನು ಬೈಲಹೊಂಗಲಕ್ಕೆ ಹಾಕಿದರು. ಸಹಾಯಕ ಎಂಜಿನಿಯರ್ ಆಗಿ ಕೆರೆಗಳ ಹೂಳೆತ್ತಿಸುವುದು, ಏರಿ ಭದ್ರಪಡಿಸುವುದು ನನ್ನ ಕೆಲಸ. ದೊಡವಾಡದ ಆಚೆ ಒಂದೇ ಗುಡ್ಡದ ಎರಡು ಮಗ್ಗುಲಿಗೆ ಎರಡು ಹಳ್ಳಿ, ಎರಡು ಕೆರೆ. ಪೂರ್ವದ ಕೆರೆ ನನ್ನ ಪಾಲಿಗೆ ಬಂತು. ಪಶ್ಚಿಮದ್ದು ಶೈಲಾ ಎಂಬ ಕೃಷಿ ಅಧಿಕಾರಿಗೆ. ಅವರಿಗೆ ಆಗಿನ್ನೂ ಮೂವತ್ತೆರಡು.

ನಾನು ಬೇಸಿಗೆ ಪೂರ್ತಿ ಕೆರೆಯ ತಳದಲ್ಲಿ ನಿಂತು ಹೂಳು ತೆಗೆಸಿದೆ, ಏರಿಗೆ ಕಲ್ಲು ಹೊದಿಸಿದೆ, ನೀರು ಬಿಡಲು ಹೊಸ ತೂಬು ಕೂರಿಸಿದೆ. ಶೈಲಾ ತಮ್ಮ ಕೆರೆಯಿಂದ ಒಂದು ಬುಟ್ಟಿ ಮಣ್ಣನ್ನೂ ಎತ್ತಿಸಲಿಲ್ಲ. ಮೇಲಿನ ಹೊಲಗಳಲ್ಲಿ ಅಲೆದು ರೈತರಿಂದ ಬದು ಹಾಕಿಸಿದರು, ಇಳಿಜಾರಿಗೆ ಅಡ್ಡಲಾಗಿ ಉಳುಮೆ ಮಾಡಿಸಿದರು. ಗಾಯರಾಣವನ್ನು, ಅಂದರೆ ದನ ಮೇಯುವ ಊರ ಹುಲ್ಲುಗಾವಲನ್ನು, ಯಾರೂ ಉಳದಂತೆ ಊರವರನ್ನು ಒಪ್ಪಿಸಿದರು. ನನ್ನ ಮಗ್ಗುಲಿನ ಗಾಯರಾಣ ಆಗಲೇ ಗೋವಿನಜೋಳದ ಹೊಲವಾಗಿತ್ತು. ಅದು ನನ್ನ ಕೆಲಸವಲ್ಲವೆಂದು ಬಿಟ್ಟಿದ್ದೆ.

ಎರಡು ಮಳೆಗಾಲ ಕಳೆದವು. ಶೈಲಾರ ಊರಿನ ಬಾವಿಗಳಲ್ಲಿ ಬೇಸಿಗೆಯಲ್ಲೂ ನೀರು. ನನ್ನ ಕೆರೆ ಸಂಕ್ರಾಂತಿಗೇ ಬತ್ತುತ್ತಿತ್ತು. ಕಚೇರಿಗೆ ಬಂದ ರೈತರು ನನ್ನ ಮೇಜು ದಾಟಿ ಹೋಗಿ, "ಶೈಲಾ ಮೇಡಂ ಅದಾರೇನ್ರಿ?" ಎಂದು ಕೇಳುತ್ತಿದ್ದರು. ಕೆರೆ ಕೆಲಸದಲ್ಲೇ ತಲೆ ನರೆತವನು ನಾನು. ಊಟ ರುಚಿಸುತ್ತಿರಲಿಲ್ಲ. ಹೆಂಡತಿ ಕೇಳಿದರೆ ಬಿಸಿಲು ಜಾಸ್ತಿ ಎನ್ನುತ್ತಿದ್ದೆ.

ಅದೇ ಹೊತ್ತಿಗೆ ಪಶ್ಚಿಮದ ಕೆಲಸ ಪರಿಶೀಲಿಸಿ ವರದಿ ಕೊಡಲು ಮೇಲಧಿಕಾರಿ ನನಗೇ ಹೇಳಿದರು. "ಕೆರೆಯಲ್ಲಿ ಯಾವ ಕಾಮಗಾರಿಯೂ ನಡೆದಿಲ್ಲ" ಎಂದು ಬರೆದೆ. ಅಕ್ಷರಶಃ ನಿಜ. ಬದುಗಳ ಬಗ್ಗೆ, ಬಾವಿಗಳ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ಶೈಲಾರ ಮುಂದಿನ ಹಂತದ ಕೆಲಸ ನಿಂತಿತು. ಆ ದಿನ ನನಗೆ ಸಂತೋಷವಾಯಿತು. ಮುಚ್ಚಿಡುವುದೇನಿದೆ?

ಜೂನ್‌ನಲ್ಲಿ ಒಂದು ಮಧ್ಯಾಹ್ನ ಭಾರಿ ಮಳೆ ಸುರಿಯಿತು. ನನ್ನ ಕೆರೆ ತುಂಬಿದೆ ಎಂದು ಮರುದಿನ ಸುದ್ದಿ ಬಂತು. ಖುಷಿಯಿಂದ ಹೋಗಿ ನೋಡಿದರೆ ಹೊಸ ತೂಬು ಕೆಸರಿನಲ್ಲಿ ಹೂತುಹೋಗಿತ್ತು. ಕೆರೆಯ ಕೆಳಗೆ ಹೊಲವಿದ್ದ ಗಂಗವ್ವ ಏರಿಯ ಮೇಲೆ ನಿಂತಿದ್ದರು.

"ಸಾಹೇಬ್ರ, ಕೆರಿ ಚಲೋ ಮಾಡೀರಿ. ಆದ್ರ ಮ್ಯಾಲಿನ ಹೊಲಾನ ಇಳದು ಬಂದು ಇದರಾಗ ಕುಂತೈತಿ. ಯಾರ ಹೊಲದ ಮಣ್ಣು ಅಂತ ಬೇಕಾದ್ರ ಹೇಳ್ತೇನಿ, ಬರ್ರಿ."

ಅವರ ಹಿಂದೆ ಗುಡ್ಡ ಹತ್ತಿದೆ. ನಮ್ಮ ಮಗ್ಗುಲಲ್ಲಿ ಮೇಲಿನಿಂದ ಕೆಳಕ್ಕೆ ಎಳೆದ ಪ್ರತಿ ನೇಗಿಲ ಸಾಲೂ ಒಂದು ಕೊರಕಲಾಗಿತ್ತು. ಗುಡ್ಡದ ನೆತ್ತಿ ದಾಟಿದರೆ ಶೈಲಾರ ಕಡೆಯ ಬದುಗಳ ಹಿಂದೆ ನೀರು ನಿಂತಿತ್ತು. ಹುಲ್ಲಿನ ನಡುವೆ ಇಳಿಯುತ್ತಿದ್ದ ಹಳ್ಳದ ನೀರು ತಿಳಿಯಾಗಿ, ತಳದ ಕಲ್ಲು ಕಾಣುತ್ತಿತ್ತು. ಎರಡೂ ಕಡೆ ಬಿದ್ದದ್ದು ಅದೇ ಮಳೆ.

ಕೆಸರುಗಾಲಲ್ಲೇ ಕಚೇರಿಗೆ ಹೋಗಿ ಶೈಲಾರ ಮೇಜಿನೆದುರು ನಿಂತೆ. "ಆ ವರದಿ ಹೊಟ್ಟಿಕಿಚ್ಚಿನಿಂದ ಬರದಿದ್ದೆ," ಎಂದೆ.

ಅವರು ಕೂರಲೂ ಹೇಳಲಿಲ್ಲ. "ಗೊತ್ತಿತ್ರಿ ಸರ್. ಮೊದ್ಲ ಅದನ್ನ ತಿದ್ದಿ ಕಳಸ್ರಿ. ಉಳದ ಮಾತು ಆಮ್ಯಾಲೆ."

ಏನು ಬಿಟ್ಟಿದ್ದೆ, ಯಾಕೆ ಬಿಟ್ಟಿದ್ದೆ ಎಂಬುದನ್ನೂ ಸೇರಿಸಿ ಹೊಸ ವರದಿ ಕಳಿಸಿದೆ. ಲಿಖಿತ ಎಚ್ಚರಿಕೆ ಬಂತು. ಶೈಲಾರ ಕೆಲಸ ಮತ್ತೆ ಶುರುವಾಯಿತು. ಆದರೆ ಅಷ್ಟರಲ್ಲಿ ಅವರ ಕಡೆ ಬದು ಹಾಕದೆ ಉಳಿದಿದ್ದ ಆರು ಹೊಲಗಳ ಮೇಲ್ಮಣ್ಣು ಕೊಚ್ಚಿಹೋಗಿತ್ತು. ಅದು ನನ್ನ ಸಹಿ ಮಾಡಿದ ನಷ್ಟ.

ಆಮೇಲೆ ಅವರು ನನ್ನ ಮಗ್ಗುಲಿಗೂ ಬಂದರು. ಬದು ಹಾಕಿ ಎಂದು ನಾನು ಹೇಳಿದಾಗ ಒಪ್ಪದ ರೈತರು ಅವರು ಹೇಳಿದಾಗ ಒಪ್ಪಿದರು. ಆಗಲೂ ನನಗೆ ಉರಿಯಿತು, ಆದರೂ ಅಳತೆ ಪಟ್ಟಿ ಹಿಡಿದು ಅವರ ಹಿಂದೆ ನಡೆದೆ. ಕಿರಿಯ ಎಂಜಿನಿಯರುಗಳು ಸಿಕ್ಕರೆ ಇಷ್ಟು ಹೇಳುತ್ತೇನೆ: ಕೆರೆ ನೋಡಲು ಹೋದಾಗ ಮೊದಲು ಕೆರೆಗೆ ಬೆನ್ನು ಮಾಡಿ, ಮೇಲಿನ ಹೊಲ ನೋಡಿ.

ನಿವೃತ್ತನಾದ ಮೇಲೆ ಒಂದು ಯುಗಾದಿಗೆ ಅತ್ತ ಹೋಗಿದ್ದೆ. ಪೂರ್ವದ ಕೆರೆಯಲ್ಲಿ ಎದೆಮಟ್ಟ ನೀರಿತ್ತು. ಎಮ್ಮೆ ತೊಳೆಯುತ್ತಿದ್ದವರೊಬ್ಬರು ನನ್ನನ್ನು ಗುರುತಿಸದೆ, "ಇದು ಶೈಲಾ ಮೇಡಂ ಮಾಡಿಸಿದ ಕೆರಿ ನೋಡ್ರಿ," ಎಂದರು.

ನನ್ನ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, "ಹೌದ್ರಿ, ಅವರದ," ಎಂದೆ.