ಮುಟ್ಟಾಗದೆ ಹೊರಗೆ ಕೂತೆ

ನಂದಗುಡಿ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದ ಮೂರನೆಯ ವರ್ಷ ನನ್ನ ಕಾಲು ಸತ್ತವು. ಒಂದೇ ದಿನಕ್ಕಲ್ಲ. ಮೊದಲು ನಡುಬೆನ್ನಿನಲ್ಲಿ ನೋವು, ರಾಗಿ ಬೀಸುವಾಗ ಹೆಚ್ಚು. ಆಮೇಲೆ ಕಾಲಡಿಗೆ ಹತ್ತಿ ಹಾಸಿದ ಹಾಗೆ, ನೆಲವೇ ತಿಳಿಯದು. ಅಷ್ಟೇ ಆಗಿದ್ದರೆ ಹೇಳುತ್ತಿದ್ದೆ. ಉಚ್ಚೆ ತಡೆಯಲಾಗದೆ ಸೀರೆ ನೆನೆಯತೊಡಗಿತು. ಬಾಯಿ ಮುಚ್ಚಿಕೊಂಡೆ.

ಮುಟ್ಟಾದವಳು ಮೂರು ದಿನ ಕೊಟ್ಟಿಗೆ ಪಕ್ಕದ ಚಪ್ಪರದಲ್ಲಿ ಕೂರಬೇಕಿತ್ತು. ಅಲ್ಲಿ ಯಾರೂ ಹತ್ತಿರ ಬರುವುದಿಲ್ಲ, ಬಟ್ಟೆ ಯಾಕೆ ಒದ್ದೆ ಎನ್ನುವುದಿಲ್ಲ, ನೀರು ಹೊರು ಎನ್ನುವುದಿಲ್ಲ. ಕಾಲು ಸೋತಾಗಲೆಲ್ಲ ಹೊರಗಾದೆ ಎಂದು ಹೋಗಿ ಕೂತೆ. ತಿಂಗಳಿಗೆ ಒಂದು ಸಲದ್ದು ಮೂರು ಸಲವಾಯಿತು. ರಕ್ತ ಹೋಗುತ್ತಿದೆಯೆಂದು ಅತ್ತೆ ಹೆದರಿ ಸೂಲಗಿತ್ತಿಯನ್ನು ಕರೆಸಿದರು. ಅವಳು ಯಾವುದೋ ತೊಗಟೆಯ ಕಷಾಯ ಹೇಳಿದಳು. ಇಲ್ಲದ ರೋಗಕ್ಕೆ ಎರಡು ತಿಂಗಳು ಕುಡಿದೆ. ಅತ್ತೆ ತಮ್ಮ ಪಾಲಿನ ಹಾಲನ್ನೂ ನನಗೇ ಎತ್ತಿಡುತ್ತಿದ್ದರು. ಅದನ್ನೂ ಕುಡಿದೆ.

ಒಂದು ಸಲ ನಾಲ್ಕನೆಯ ದಿನದ ಸ್ನಾನಕ್ಕೆ ಅತ್ತೆ ನೀರು ಹುಯ್ಯುತ್ತಿದ್ದರು. ಚೊಂಬು ಜಾರಿ ಕುದಿನೀರು ನನ್ನ ಪಾದದ ಮೇಲೆ ಬಿತ್ತು. ನಾನು ಅಲುಗಲಿಲ್ಲ.

“ಏನೇ, ಚರ್ಮ ಸುಲಿದು ಬತ್ತೈತೆ, ಉರಿ ಗೊತ್ತಾಗ್ಲಿಲ್ವಾ?”

ಅಲ್ಲೇ, ಬಚ್ಚಲಲ್ಲೇ, ಎಲ್ಲ ಹೇಳಿದೆ, ಹೊರಗಾದೆ ಎಂದದ್ದು ಸುಳ್ಳು ಎನ್ನುವುದನ್ನೂ. ಅವರು ಬೈಯಲಿಲ್ಲ.

ಭಾವನವರು ಬೆನ್ನಿಗೆ ಬರೆ ಹಾಕುವವನನ್ನು ಕರೆತರುತ್ತೇನೆ ಎಂದರು. “ಸುಟ್ಟಿದ್ದೇ ಗೊತ್ತಾಗ್ದೋಳಿಗೆ ಇನ್ನೇನಪ್ಪಾ ಸುಡ್ತೀಯ?” ಎಂದು ಅತ್ತೆ ಗಾಡಿ ಕಟ್ಟಿಸಿದರು. ಹೊಸಕೋಟೆಯಿಂದ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಯುದ್ಧಕಾಲದ ಬಸ್ಸು ಹತ್ತಿ ಬೆಂಗಳೂರಿನ ಆಸ್ಪತ್ರೆಗೆ ಹೋದೆವು.

ಬೆನ್ನುಮೂಳೆಗೆ ಕ್ಷಯ ಹಿಡಿದು, ಕೀವು ಒಳಗಿನ ನರದ ಹುರಿಯನ್ನು ಅಮುಕಿದೆ ಎಂದರು ಡಾಕ್ಟರು. ಕೊಯ್ದರೆ ಜೀವಕ್ಕೆ ಅಪಾಯ. ಇಲ್ಲವೇ ಗಾರೆಯಂಥ ಪಟ್ಟು ಕಟ್ಟಿ ತಿಂಗಳುಗಟ್ಟಲೆ ಅಲುಗದೆ ಮಲಗಿಸಬೇಕು. ಬೇಗ ಬಂದವರ ಕಾಲು ತಿರುಗಿ ಬರುವುದುಂಟು. ಯಾವಾಗಿನಿಂದ ಹೀಗೆ ಎಂದು ಕೇಳಿದರು.

ಗಂಡ ಬಾಗಿಲಲ್ಲೇ ನಿಂತಿದ್ದರು. ನಾನು ಮೊನ್ನೆಯಿಂದ ಎಂದೆ.

“ಇಲ್ಲ ಸ್ವಾಮಿ, ದಸರಾಕ್ಕೆ ಮುಂಚಿಂದ್ಲೂ ಐತೆ. ನನಗೇ ಬುದ್ಧಿ ಇಲ್ಲ. ಇನ್ಯಾವ್ದೋ ಕಾಯಿಲೆ ಅನ್ಕೊಂಡು ಕಷಾಯ ಕುಡಿಸ್ಕೊಂಡು ಕೂತೆ,” ಎಂದರು ಅತ್ತೆ.

ಡಾಕ್ಟರು ಅವರನ್ನು ಎಲ್ಲರೆದುರಿಗೆ ಬೈದರು. ಗಂಡನೂ ಬೈದರು. ನಾನು ಗೋಡೆ ನೋಡುತ್ತಿದ್ದೆ.

ಹತ್ತು ತಿಂಗಳು ಮಲಗಿದೆ. ನನ್ನ ಹೇಲು ಉಚ್ಚೆ ಬಾಚಿದ್ದು ಅತ್ತೆಯೇ. ಬಲಗಾಲು ಬಂತು. ಎಡಗಾಲು ಇಂದಿಗೂ ಎಳೆಯುತ್ತದೆ, ಉಚ್ಚೆಗೆ ಬಟ್ಟೆ ಕಟ್ಟಿಕೊಳ್ಳುತ್ತೇನೆ. ಅದಕ್ಕೆ ಈಗ ನಾಚಿಕೆಯಿಲ್ಲ.

ಅತ್ತೆ ಸತ್ತ ದಿನ ಹೆಣದ ಸುತ್ತ ಕೂತ ಹೆಂಗಸರು, ಒಳ್ಳೆಯವಳೇ, ಆದರೆ ಕಷಾಯ ಕುಡಿಸಿ ಸೊಸೆಯ ಕಾಲು ಕಳೆದಳು ಎಂದು ಮಾತಾಡಿಕೊಂಡರು. ನಾನು ಅಲ್ಲೇ ತಲೆದೆಸೆಯಲ್ಲಿ ಕೂತಿದ್ದೆ. ಅಲ್ಲ ಎನ್ನಲಿಲ್ಲ.