ಅಕ್ಕ ಓದುವ ಮುಖ

ನನ್ನ ದವಡೆ ಅಗಲ. ಅಪ್ಪನಿಂದ ಬಂದದ್ದು. ಅಪ್ಪನಿಗೆ ಆ ಮುಖ ಒಪ್ಪುತ್ತಿತ್ತು. ನಾನು ಮಾತ್ರ ಯಾವ ಫೋಟೋದಲ್ಲಿ ನೋಡಿದರೂ ಯಾರ ಮೇಲೋ ಸಿಟ್ಟಾಗಿ ಕೂತವಳ ಹಾಗೆ ಕಾಣುತ್ತಿದ್ದೆ. ದಾವಣಗೆರೆಯ ವಿದ್ಯಾನಗರದಲ್ಲಿ ಒಂದು ಕಾಲೇಜಿನ ಆಫೀಸಿನಲ್ಲಿ ನನಗೆ ಕೆಲಸ. ಅಡ್ಮಿಷನ್ ದಿನಗಳಲ್ಲಿ ಹುಡುಗಿಯರು ನನ್ನ ಕೌಂಟರ್ ಖಾಲಿ ಇದ್ದರೂ ಪಕ್ಕದ ಸಾಲಿನಲ್ಲೇ ನಿಲ್ಲುತ್ತಿದ್ದರು. ‘ಆ ಮೇಡಂ ಬೈತಾರೆ ಕಣೆ’ ಎಂದು ಒಬ್ಬಳು ಹೇಳಿದ್ದು ಒಂದು ಸಲ ನನ್ನ ಕಿವಿಗೇ ಬಿತ್ತು. ಆ ಹುಡುಗಿಯ ಜೊತೆ ಅಲ್ಲಿಯತನಕ ನಾನು ಮಾತೇ ಆಡಿರಲಿಲ್ಲ.

ಇದರ ಜೊತೆಗೆ ನೋವೂ ಇತ್ತು. ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದೆ. ಬೆಳಿಗ್ಗೆ ಏಳುವಾಗ ಕಿವಿಯ ಕೆಳಗಿನಿಂದ ಕಪಾಳದವರೆಗೆ ಬಿಗಿದು ಕಟ್ಟಿದಂತಾಗಿ, ಮೊದಲ ಗುಟುಕು ಚಹಾಕ್ಕೂ ಬಾಯಿ ಸರಿಯಾಗಿ ತೆರೆಯುತ್ತಿರಲಿಲ್ಲ. ಹಲ್ಲಿನ ಡಾಕ್ಟರು ಮಲಗುವಾಗ ಹಾಕಿಕೊಳ್ಳಲು ಪ್ಲಾಸ್ಟಿಕ್ಕಿನ ಕವಚ ಮಾಡಿಸಿಕೊಟ್ಟರು. ಅದರಿಂದ ಹಲ್ಲು ಉಳಿಯಿತು, ಬಿಗಿತ ಹೋಗಲಿಲ್ಲ. ದವಡೆಯ ಸ್ನಾಯುವನ್ನು ಸಡಿಲ ಮಾಡುವ ಇಂಜೆಕ್ಷನ್ ಇದೆ, ಬೇಕಾದರೆ ವಿಚಾರಿಸಿ ಎಂದು ಅವರೇ ಪಿ.ಜೆ. ಬಡಾವಣೆಯ ಒಬ್ಬ ಚರ್ಮದ ಡಾಕ್ಟರ ಹತ್ತಿರ ಕಳಿಸಿದರು.

ಆ ಡಾಕ್ಟರಮ್ಮ ನನ್ನ ಎರಡೂ ದವಡೆಯ ಮೇಲೆ ಬೆರಳಿಟ್ಟು, ‘ಹಲ್ಲು ಗಟ್ಟಿಯಾಗಿ ಕಚ್ರಿ’ ಎಂದರು. ಕಚ್ಚಿದೆ. ಸ್ನಾಯು ಅವರ ಬೆರಳನ್ನೇ ಎತ್ತಿತು.

‘ನೋವಿಗೆ ಬಂದೀರೋ, ಮುಖ ಸಣ್ಣ ಆಗ್ಲಿ ಅಂತ ಬಂದೀರೋ?’

‘ನೋವಿಗೇ ಮೇಡಂ,’ ಎಂದೆ. ಅರ್ಧ ಸುಳ್ಳು. ಅದೇ ಇಂಜೆಕ್ಷನ್ನಿನಿಂದ ಮುಖ ಕಿರಿದಾದವರ ಫೋಟೋಗಳನ್ನು ಅದಕ್ಕೂ ಮುಂಚೆ ವಾರಗಟ್ಟಲೆ ಮೊಬೈಲಿನಲ್ಲಿ ನೋಡಿದ್ದೆ.

ಗರ್ಭಿಣಿಯೇ, ನರದ ಕಾಯಿಲೆ ಇದೆಯೇ, ಯಾವ ಮಾತ್ರೆ ನುಂಗುತ್ತೀರಿ ಎಂದೆಲ್ಲ ಕೇಳಿ ಅವರು ವಿವರ ಹೇಳಿದರು. ಈ ಔಷಧಿ ನರದ ಅಪ್ಪಣೆ ಸ್ನಾಯುವಿಗೆ ಮುಟ್ಟದಂತೆ ತಡೆಯುತ್ತದೆ. ಬಿಗಿತ ಕಡಿಮೆಯಾಗುತ್ತದೆ, ಕೆಲಸವಿಲ್ಲದ ಸ್ನಾಯು ಒಂದೆರಡು ತಿಂಗಳಲ್ಲಿ ಸಣ್ಣದಾಗುತ್ತದೆ. ಆದರೆ ಇದು ಕಾಯಂ ಅಲ್ಲ. ಚುಚ್ಚಿದಲ್ಲಿ ನೀಲಿಗಟ್ಟಬಹುದು, ಗಟ್ಟಿ ಪದಾರ್ಥ ಅಗಿಯುವಾಗ ದವಡೆ ಸೋಲಬಹುದು, ಕೆನ್ನೆ ಜೋತಂತೆ ಕಾಣಬಹುದು. ಔಷಧಿ ಪಕ್ಕದ ಸ್ನಾಯುವಿಗೆ ಹರಿದರೆ ನಗು ಸೊಟ್ಟಗಾಗಬಹುದು. ‘ಹಂಗಾದ್ರೆ ವಾಪಸ್ ತೆಗಿಯಾಕ ಬರೋದಿಲ್ಲ. ತಾನಾಗೇ ಇಳಿಯೋಮಟ ಕಾಯ್ಬೇಕು. ನುಂಗಾಕೋ ಉಸಿರಾಡಾಕೋ ತ್ರಾಸಾದ್ರೆ ಮಾತ್ರ ತಡ ಮಾಡಬ್ಯಾಡ್ರಿ, ಸೀದಾ ಆಸ್ಪತ್ರೆಗೆ ಹೋಗ್ರಿ.’

ಎಲ್ಲಕ್ಕೂ ತಲೆಯಾಡಿಸಿ ಸಹಿ ಹಾಕಿದೆ. ನಗು ಸೊಟ್ಟಗಾಗುವುದು ಬೇರೆ ಯಾರಿಗೋ ಆಗುವ ಸಂಗತಿ ಎಂದುಕೊಂಡಿದ್ದೆ. ಹತ್ತು ನಿಮಿಷದ ಕೆಲಸ. ಮನೆಗೆ ಬಂದು, ಅವರು ಹೇಳಿದಂತೆ ಕೆನ್ನೆ ಉಜ್ಜದೆ, ಯಾರಿಗೂ ಏನೂ ಹೇಳದೆ ಇದ್ದುಬಿಟ್ಟೆ.

ಒಂದು ವಾರದ ನಂತರ ಬೆಳಿಗ್ಗೆ ಎದ್ದಾಗ ಏನೋ ಕಳೆದುಹೋದಂತೆ ಅನ್ನಿಸಿತು. ಕಳೆದುಹೋದದ್ದು ನೋವು. ಖುಷಿಯಿಂದ ಕನ್ನಡಿಯ ಮುಂದೆ ನಿಂತು ನಕ್ಕೆ. ಬಲಗಡೆಯ ತುಟಿಯಂಚು ಎಂದಿನಂತೆ ಸರಿಯಿತು, ಎಡಗಡೆಯದು ಇದ್ದಲ್ಲೇ ಇತ್ತು. ಮತ್ತೆ ನಕ್ಕೆ. ಯಾರನ್ನೋ ಹೀಯಾಳಿಸುತ್ತಿರುವ ಹೆಂಗಸೊಬ್ಬಳು ಕನ್ನಡಿಯಲ್ಲಿದ್ದಳು. ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಬಂದು ತೋರಿಸಿ ಎಂದ ಡಾಕ್ಟರು ನೋಡಿದ ಮೇಲೆ, ಔಷಧಿ ಸ್ವಲ್ಪ ಹರಿದಿದೆ, ಕೆಲವು ವಾರದಲ್ಲಿ ಸರಿಹೋಗುತ್ತದೆ ಎಂದರು. ಕಾಲೇಜಿನಲ್ಲಿ ನಗದೆ ಇರುವುದು ನನಗೇನೂ ಹೊಸದಲ್ಲ, ನಡೆಯುತ್ತದೆ ಎಂದುಕೊಂಡೆ.

ಆ ಭಾನುವಾರ ಹರಿಹರಕ್ಕೆ ಅಕ್ಕನ ಮನೆಗೆ ಹೋದೆ. ಅಕ್ಕ ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಆರನೇ ವಯಸ್ಸಿನಲ್ಲಿ ಮಿದುಳು ಜ್ವರ ಬಂದು ಕಿವಿ ಪೂರ್ತಿ ಹೋಯಿತು. ಮಾತು ಉಳಿಯಿತು, ಏರಿಳಿತವಿಲ್ಲದ ದೊಡ್ಡ ದನಿಯಲ್ಲಿ. ಎದುರಿಗಿದ್ದವರ ತುಟಿ ನೋಡಿಯೇ ಮಾತು ಹಿಡಿಯುತ್ತಾಳೆ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ, ಭಾನುವಳ್ಳಿಯಿಂದಲೂ ಹೆಂಗಸರು ಬಸ್ಸು ಹತ್ತಿ ಬಟ್ಟೆ ತಂದುಕೊಡುತ್ತಾರೆ. ಚಿಕ್ಕಂದಿನಿಂದ ನಾವಿಬ್ಬರೂ ಒಬ್ಬರನ್ನೊಬ್ಬರು ಆಡಿಕೊಳ್ಳದೆ ಇದ್ದ ದಿನವೇ ಇಲ್ಲ.

ನನ್ನ ಹೊಸ ಬ್ಲೌಸ್ ಕೈಗೆ ಕೊಟ್ಟು, ‘ಹೆಂಗೈತೆ?’ ಎಂದು ಕೇಳಿದಳು.

‘ಇದನ್ನ ನೀನು ಹೊಲಿದ್ಯಾ, ಗೋಣಿಚೀಲ ಹೊಲಿಯೋರು ಹೊಲಿದ್ರಾ?’ ಎಂದೆ.

ಬೇರೆ ದಿನವಾಗಿದ್ದರೆ ಸ್ಕೇಲು ತಗೊಂಡು ನನ್ನ ತೊಡೆಗೆ ಒಂದು ಕೊಡುತ್ತಿದ್ದಳು. ಅವತ್ತು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ಬ್ಲೌಸನ್ನು ವಾಪಸ್ ತಗೊಂಡು ಮಡಚಿ ಮಷೀನಿನ ಮೇಲಿಟ್ಟಳು. ‘ಊಟಕ್ಕೇಳು’ ಎಂದಷ್ಟೇ ಹೇಳಿ ಒಳಗೆ ಹೋದಳು. ಊಟದ ಹೊತ್ತಿನಲ್ಲೂ ತಟ್ಟೆಯಿಂದ ತಲೆ ಎತ್ತಲಿಲ್ಲ. ತಲೆ ಎತ್ತದಿದ್ದರೆ ಅವಳ ಹತ್ತಿರ ಮಾತಾಡುವುದಾದರೂ ಹೇಗೆ? ಕೆಲಸದ ಒತ್ತಡವಿರಬೇಕು ಎಂದುಕೊಂಡು ಬಸ್ಸು ಹತ್ತಿದೆ. ದಾವಣಗೆರೆ ಮುಟ್ಟುವ ಮುಂಚೆ ಮೊಬೈಲಿಗೆ ಮೆಸೇಜ್ ಬಂತು. ‘ಬಿಚ್ಚಿ ಮತ್ತೆ ಹೊಲಿತೀನಿ. ಆದ್ರೆ ನೀನು ಹಂಗ ಅನ್ನಬಾರ್ದಿತ್ತು.’

ಎರಡು ಮೂರು ಸಲ ಓದಿದೆ. ಕಿವಿ ಹೋದ ಮೇಲೆ ನನ್ನ ತಮಾಷೆಯ ದನಿ ಅವಳಿಗೆ ಕೇಳಿಸಿದ್ದಿಲ್ಲ. ತಮಾಷೆ ಎಂದು ಅವಳಿಗೆ ತಿಳಿಯುತ್ತಿದ್ದದ್ದು ನನ್ನ ನಗುವಿನಿಂದ. ಆ ನಗುವಿನ ಒಂದು ಬದಿ ಅವತ್ತು ಇರಲಿಲ್ಲ. ಸೊಟ್ಟ ತುಟಿಯಿಂದ ಬಂದ ಆ ಮಾತು ಅವಳಿಗೆ ಬರೀ ತಾತ್ಸಾರವಾಗಿ ಕಂಡಿತ್ತು.

ಮರುದಿನ ಅರ್ಧ ದಿನ ರಜೆ ಹಾಕಿ ಹರಿಹರಕ್ಕೆ ಹೋದೆ. ಅವಳ ಎದುರು ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿದೆ. ಇಂಜೆಕ್ಷನ್, ನೋವು, ಫೋಟೋ, ಚೆಂದ ಕಾಣುವ ಆಸೆ, ಎಲ್ಲ. ಅಕ್ಕ ನನ್ನ ಗದ್ದ ಹಿಡಿದು, ‘ನಗು’ ಎಂದಳು. ನಕ್ಕೆ. ಎಡಗಡೆಯ ತುಟಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಅವಳಿಗೆ ಸಿಟ್ಟು ಬಂತು.

‘ನನಗ್ಯಾಕ ಹೇಳ್ಲಿಲ್ಲ? ಬ್ಯಾರೇರಿಗೆ ಕಿವಿ ಐತೆ, ನಿನ್ನ ದನಿ ಕೇಳ್ತಾರೆ. ನನಗೆ ಇರೋದು ನಿನ್ನ ಮುಖ ಒಂದೇ.’

ನನ್ನ ಮುಖ, ನನ್ನಿಷ್ಟ ಎಂದು ತಿಳಿದಿದ್ದೆ. ಈಗಲೂ ಅದು ತಪ್ಪೆನ್ನಲು ಮನಸ್ಸಾಗುವುದಿಲ್ಲ. ಆದರೆ ಆ ಮುಖವನ್ನು ಚಿಕ್ಕಂದಿನಿಂದ ಓದಿಕೊಂಡು ಬದುಕಿದ ಇನ್ನೊಬ್ಬಳಿದ್ದಾಳೆ ಎಂಬುದು ಸಹಿ ಹಾಕುವಾಗ ಹೊಳೆದೇ ಇರಲಿಲ್ಲ. ಡಾಕ್ಟರು ಏನನ್ನೂ ಮುಚ್ಚಿಟ್ಟಿರಲಿಲ್ಲ. ನಗು ಸೊಟ್ಟಗಾದರೆ ಅಕ್ಕನಿಗೆ ಹೇಗೆ ಎಂದು ನಾನೇ ಕೇಳಿಕೊಂಡಿರಲಿಲ್ಲ.

ಅವತ್ತೇ ಅಕ್ಕ ಉಪಾಯವನ್ನೂ ಹುಡುಕಿದಳು. ತಮಾಷೆಗೆ ಹೇಳುವಾಗ ನಾನು ಮೂಗು ಮುಟ್ಟಿಕೊಳ್ಳಬೇಕು. ಒಂದೂವರೆ ತಿಂಗಳು ಹಾಗೇ ನಡೆಸಿದೆವು. ಆಮೇಲೆ ತುಟಿ ತಾನಾಗೇ ಸರಿಹೋಯಿತು. ಅಷ್ಟರಲ್ಲಿ ಮುಖವೂ ಕಿರಿದಾಗಿತ್ತು. ‘ಸಣ್ಣ ಆಗೀರಲ್ರಿ ಮೇಡಂ’ ಎಂದು ಆಫೀಸಿನಲ್ಲಿ ಅಂದರು. ಹಿಗ್ಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಖಡಕ್ ರೊಟ್ಟಿಗೆ ಮಾತ್ರ ದವಡೆ ಸೋಲುತ್ತಿತ್ತು, ಸಾರಿನಲ್ಲಿ ನೆನೆಸಿ ತಿನ್ನುತ್ತಿದ್ದೆ.

ಐದನೆಯ ತಿಂಗಳಿಗೆ ನೋವು ಮೆಲ್ಲಗೆ ವಾಪಸ್ ಬಂತು. ಇನ್ನೊಮ್ಮೆ ಹಾಕಿಸುವುದೋ ಬೇಡವೋ ಎಂದು ಅಕ್ಕನನ್ನೇ ಕೇಳಿದೆ. ಬೇಡ ಅನ್ನುತ್ತಾಳೆ ಎಂದುಕೊಂಡಿದ್ದೆ.

‘ನೋವು ಯಾಕ ತಿಂತೀಯ? ಹಾಕಿಸ್ಕೋ. ನಾನೂ ಬರ್ತೀನಿ.’

ಬಂದಳು. ಡಾಕ್ಟರಮ್ಮನಿಗೆ ಮಾಸ್ಕ್ ತೆಗೆಯಲು ಹೇಳಿದಳು. ‘ಬಾಯಿ ಕಾಣ್ಬೇಕ್ರಿ ನನಗೆ.’ ಅವರು ಮಾಸ್ಕ್ ತೆಗೆದು, ಕುರ್ಚಿ ಹತ್ತಿರ ಎಳೆದುಕೊಂಡು, ನಿಧಾನವಾಗಿ ಮಾತಾಡಿದರು. ಈ ಸಲ ಔಷಧಿ ಕಡಿಮೆ, ಚುಚ್ಚುವ ಜಾಗ ತುಟಿಯ ಕಡೆಯಿಂದ ಇನ್ನಷ್ಟು ಹಿಂದಕ್ಕೆ. ಆದರೂ ಹಾಗಾಗುವುದೇ ಇಲ್ಲ ಎಂದು ಮಾತು ಕೊಡಲಾರೆ ಎಂದರು. ವರ್ಷಗಟ್ಟಲೆ ಹಾಕಿಸುತ್ತಾ ಹೋದರೆ ದವಡೆಯ ಮೂಳೆಗೇನಾಗುತ್ತದೆ ಎಂದು ಅಕ್ಕ ಕೇಳಿದಳು. ನನಗೆ ಹೊಳೆಯದ ಪ್ರಶ್ನೆ. ‘ಅದು ಇನ್ನೂ ಪೂರ್ತಿ ಗೊತ್ತಿಲ್ಲ. ಅದಕ್ಕೇ ಪದೇ ಪದೇ ಬ್ಯಾಡ ಅಂತೀನಿ,’ ಎಂದರು ಡಾಕ್ಟರು.

ಹಾಕಿಸಿಕೊಂಡೆ. ನಗು ಎರಡೂ ಕಡೆ ಉಳಿಯಿತು. ನೋವು ಮುಕ್ಕಾಲು ಪಾಲು ಹೋಯಿತು, ಮುಖ ಮೊದಲ ಸಲದಷ್ಟು ಕಿರಿದಾಗಲಿಲ್ಲ.

ಇಂಜೆಕ್ಷನ್ ಹಾಕಿಸಿಕೊಂಡು ಹೊರಡುವಾಗ ಡಾಕ್ಟರು ಅಕ್ಕನ ಹಣೆ ನೋಡಿ, ‘ನಿಮ್ಮ ಗೆರೆಗೂ ಇದೇ ಔಷಧಿ ಐತ್ರಿ,’ ಎಂದು ನಕ್ಕರು.

ಅಕ್ಕ ಎರಡೂ ಹುಬ್ಬನ್ನು ಮೇಲಕ್ಕೆತ್ತಿ, ಹಣೆಯ ತುಂಬ ಗೆರೆ ಮೂಡಿಸಿ, ಕಾಯುತ್ತ ಕೂತವರೆಲ್ಲ ತಿರುಗಿ ನೋಡುವಷ್ಟು ದೊಡ್ಡ ದನಿಯಲ್ಲಿ ಹೇಳಿದಳು: ‘ಬ್ಯಾಡ ಬಿಡ್ರಿ ಡಾಕ್ಟ್ರೇ. ನಾನು ಅರ್ಧ ಮಾತು ಇದ್ರಾಗೇ ಆಡ್ತೀನಿ.’