ಕೊನೆಯ ಸೌಟು ನೀರು

ಎರಡು ಸಾವಿರನೇ ಇಸವಿ ಬಂದ ಗಳಿಗೆಯಲ್ಲಿ ಕಂಪ್ಯೂಟರುಗಳೆಲ್ಲ ಕೆಟ್ಟು ಕೂರುತ್ತವೆ ಎಂದು ಲೋಕವೇ ಹೆದರಿದ್ದ ಕಾಲ. ಅದನ್ನು ತಡೆಯುವ ಕೆಲಸಕ್ಕೆ ನನ್ನ ಗಂಡನನ್ನು ಕರೆಸಿಕೊಂಡಿದ್ದರು. ಉಡುಪಿಯಿಂದ ಬಂದು ಹಾಲೆಂಡಿನ ಆಲ್ಮೆರೆಯಲ್ಲಿ ಮನೆ ಮಾಡಿದೆವು. ಸಮುದ್ರದ ನೀರು ಬಸಿದು ತೆಗೆದ ನೆಲ ಅದು. ಇಡೀ ಊರಿಗೆ ನನ್ನಷ್ಟೂ ವಯಸ್ಸಾಗಿರಲಿಲ್ಲ. ಇಲ್ಲಿ ಪ್ರೇತಗಳಿಗೂ ವಿಳಾಸ ಇರಲಿಕ್ಕಿಲ್ಲ ಎಂದು ನಗುತ್ತಿದ್ದೆ.

ಪಕ್ಕದ ಮನೆಯವರು ಫಿನ್ಲೆಂಡಿನ ಹೆಂಗಸು, ಅರವತ್ತರ ಹತ್ತಿರ. ಡಚ್ಚರವನನ್ನು ಮದುವೆಯಾಗಿ ಹೊರಟ ದಿನ ಅವರ ತಾಯಿ, ನಿನ್ನ ಮನೆ ಹೊಸಿಲು ತುಳಿಯುವುದಿಲ್ಲ ಎಂದಿದ್ದಳಂತೆ. ಮಾತಿಗೆ ತಪ್ಪಲಿಲ್ಲ. ಗಂಡ ತೀರಿಕೊಂಡ, ಮಗಳು ಬೆಳೆದು ಆಮ್‌ಸ್ಟರ್‌ಡ್ಯಾಮ್ ಸೇರಿದಳು, ತಾಯಿ ಬರಲೇ ಇಲ್ಲ. ನಾವು ಬಂದ ಚಳಿಗಾಲದಲ್ಲಿ ಆ ತಾಯಿಯೂ ಹೋದಳು. ಸುದ್ದಿ ಮುಟ್ಟಿದ್ದು ಮಣ್ಣು ಮಾಡಿದ ಮೇಲೆ.

ಅವರ ಹಿತ್ತಲಲ್ಲಿ, ನಮ್ಮ ಬೇಲಿಗೆ ತಾಗಿಕೊಂಡು, ಮರದ ಸಣ್ಣ ಸೌನಾ ಇತ್ತು. ಒಲೆಯ ಮೇಲೆ ಕಲ್ಲು ಕಾಯಿಸಿ, ನೀರು ಹೊಯ್ದು, ಹಬೆಯಲ್ಲಿ ಕೂರುವ ಕೋಣೆ. ಶನಿವಾರ ಮಧ್ಯಾಹ್ನ ತಾವು ಮಿಂದಾದ ಮೇಲೆ ಒಲೆಗೆ ಇನ್ನೊಂದು ಕೊರಡು ತುರುಕಿ, ಬಕೆಟ್ಟು, ಸೌಟು, ಒಗೆದ ಟವೆಲ್ಲು ಇಟ್ಟು ಬಾಗಿಲೆಳೆದು ಬರುತ್ತಿದ್ದರು. ಕೊನೆಯ ಹಬೆ ಸತ್ತವರದು, ಅವರ ಹಳ್ಳಿಯ ಪದ್ಧತಿ. ಆಮೇಲೆ ಅಡುಗೆಮನೆಯ ಕಿಟಕಿ ತೆರೆದು ಕಿವಿಗೊಟ್ಟು ಕೂರುವುದು. ತಾಯಿ ಬಂದರೆ ಕಲ್ಲು ಚುರ್ ಎನ್ನಬೇಕು. ತಿಂಗಳುಗಟ್ಟಲೆ ಎನ್ನಲಿಲ್ಲ.

ನಮ್ಮಲ್ಲೂ ಹೋದವರಿಗೆ ಎಲೆ ಬಡಿಸಿ ಬಾಗಿಲು ಹಾಕುತ್ತೇವೆ, ತೆರೆಯುವ ಮೊದಲು ಕೆಮ್ಮಬೇಕು, ಊಟದ ನಡುವೆ ನುಗ್ಗಬಾರದು ಎಂದು ನನ್ನ ಹರಕು ಡಚ್ಚಿನಲ್ಲಿ ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡರು. ಒಮ್ಮೆ ನೋಡಲು ಬಂದ ಅವರ ಮಗಳು ಮಾತ್ರ, "ಬದುಕಿದ್ದಾಗ್ಲೇ ಬಾರದ ಅಜ್ಜಿ ಈಗ ಬರ್ತಾಳಾ?" ಎಂದಳು. ಅವಳ ಕೆನ್ನೆಗೆ ಎರಡು ಬಿಗಿಯುವಷ್ಟು ಸಿಟ್ಟು ಬಂತು ನನಗೆ.

"ವರ್ಷ ತುಂಬೋ ಶನಿವಾರವೂ ಬರದಿದ್ರೆ, ಅಮ್ಮ ನನ್ನ ಕ್ಷಮಿಸ್ಲಿಲ್ಲ ಅಂತ್ಲೇ," ಎಂದರು ಅವರು.

ಆ ಶನಿವಾರ ನಾಲ್ಕು ಗಂಟೆಗೇ ಬೆಳಕು ಮಾಸಿತ್ತು. ಕಲ್ಲು ಇನ್ನೂ ಚುರ್ ಎಂದಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಬೇಲಿಯ ಪಕ್ಕ ಸ್ಟೂಲು ಹಾಕಿ ಹತ್ತಿದೆ. ಸೌನಾದ ಗೋಡೆಯಲ್ಲಿ ಒಲೆಯ ನೇರಕ್ಕೊಂದು ಗಾಳಿಕಿಂಡಿ ಇತ್ತು. ಸಾರಿನ ಸೌಟಿನಲ್ಲಿ ನೀರು ತುಂಬಿ ಒಳಗೆ ಎರಚಿದೆ. ಕಲ್ಲು ಚುರ್ ಎಂದದ್ದೇ ತಡ, ಸೌಟು ಅಲ್ಲೇ ಬಿಟ್ಟು ಓಡಿ ಬಂದು ಬಾಗಿಲು ಹಾಕಿಕೊಂಡೆ.

"ನಿಂಗ್ಯಾಕೆ ಮಾರಾಯ್ತಿ ಸತ್ತವ್ರ ಉಸಾಬರಿ?" ಎಂದು ನನ್ನ ಗಂಡ ಬೈದರು. "ಆಟ ಆಡುವ ವಿಷಯವಾ ಅದು?"

ಅಷ್ಟರಲ್ಲಿ ಬೆಲ್ಲಾಯಿತು. ಅವರೇ. ಬರಿಗಾಲಲ್ಲಿ ಬಂದಿದ್ದರು.

"ಮೊದಲನೇ ಸೌಟು ಹೊಯ್ದದ್ದು ನೀನು. ಬೇಲಿ ಮೇಲಿಂದ ನಿನ್ನ ಸೌಟು ಚಾಚಿದ್ದು ಕಾಣ್ತು."

ನಾಚಿಕೆಯಿಂದ ನೆಲ ನೋಡಿದೆ.

"ಆಮೇಲಿನ ಎರಡು? ನಿಜ ಹೇಳು. ಅಮ್ಮ ಹೊಯ್ತಿದ್ದದ್ದೂ ಎರಡೇ, ಬೆನ್ನುಬೆನ್ನಿಗೆ."

"ದೇವರಾಣೆ, ನಾನು ಹೊಯ್ದದ್ದು ಒಂದೇ," ಎಂದೆ.

ನಾವಿಬ್ಬರು ಹೆಂಗಸರೂ ಅವರ ಹಿತ್ತಲಿಗೆ ಹೋದೆವು. ನನ್ನ ಸೌಟು ಹುಲ್ಲಿನಲ್ಲಿ ಬಿದ್ದಿತ್ತು. ಕಿಂಡಿಯಿಂದ ಇನ್ನೂ ಹಬೆ ಬರುತ್ತಿತ್ತು, ಒಂದು ಸೌಟು ನೀರಿಗೆ ಅಷ್ಟು ಬಾರದು. ಅವರು ಬಾಗಿಲ ಹಿಡಿಕೆಗೆ ಕೈ ಹಾಕಿದಾಗ ನಾನು ಅವರ ಮೊಣಕೈ ಹಿಡಿದೆ.

"ಮೊದ್ಲು ಕೆಮ್ಮಿ."

ಅವರಿಗೆ ಆಗಲಿಲ್ಲ, ಅಳುತ್ತಿದ್ದರು. ನಾನೇ ಕೆಮ್ಮಿದೆ. ಒಳಗೆ ಬೆಂಚು ಕಿರ್ ಎಂದಿತು, ಕೂತವರು ಸರಿದು ಕೂತ ಹಾಗೆ.

ಅವರು ಹಿಡಿಕೆಯಿಂದ ಕೈ ತೆಗೆದರು.

"ತೆರೆಯೋದು ಬೇಡ," ಎಂದರು. "ನಿಧಾನ ಮೀಯಲಿ."